ಮಿಡಿಗೊಂದು ಹರಾಜು

ಉಪ್ಪಿನಕಾಯಿಗೆ ಜಾಹೀರಾತು ಕೊಡಬೇಕು ಎಂದು ಹಿಂದೆ ಯಾರಾದರೂ ನಮ್ಮನೆಯಲ್ಲಿ ಹೇಳಿದ್ದರೆ ಅಜ್ಜಿ ಬಾಯೊಳಗಿನ ಕವಳ ಉಗುಳಿ ಬಂದು ನಗುತ್ತಿದ್ದಳು. ಶಿರಸಿ ಸೀಮೆಯ ಅಪ್ಪೆಮಿಡಿ ತಾನಾಗಿಯೇ ಸುದ್ದಿಯಾಗುವ ವಸ್ತು. ಬೆಂಗಳೂರಿಗೆ ಹೊರಟ ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಬಾಟಲಿ ಕೊಟ್ಟು, ಮೆಜೆಸ್ಟಿಕ್ಕಿನಲ್ಲಿ ಇಂಥವರು ಬಂದು ತಗೊಳ್ತಾರೆ ಎಂದರೆ ಮುಗಿಯಿತು. ಬಾಟಲಿಯ ಬಾಯಿಗೆ ಎಷ್ಟೇ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದರೂ ತುಮಕೂರು ಬರುವಷ್ಟರಲ್ಲಿ ಬಸ್ಸಿಗೆಲ್ಲ ಸೊನೆಯ ಪರಿಮಳ. ಪಕ್ಕದ ಸೀಟಿನವರು ನಿದ್ದೆಗಣ್ಣಲ್ಲೇ ‘ಇದೆಲ್ಲಿ ಸಿಗುತ್ತೆ?’ ಎಂದು ಕೇಳುತ್ತಿದ್ದರು. ನಮ್ಮ ಪ್ರಚಾರ ವಿಭಾಗ ಅಷ್ಟೇ.

ಈಗ ಜನ ಪಕ್ಕದವರನ್ನು ಕೇಳುವುದಿಲ್ಲ, ಮೊಬೈಲನ್ನು ಕೇಳುತ್ತಾರೆ. ಹಾಗಾಗಿ ಅತ್ತಿಗೆ ಊರಿನ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಮಿಡಿ ಉಪ್ಪಿನಕಾಯಿ ಮಾರಲು ಹೊರಟಾಗ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಮೈದುನ ಎಂಬ ಒಂದೇ ಅರ್ಹತೆಯ ಮೇಲೆ ಗೂಗಲ್ ಜಾಹೀರಾತಿನ ಖಾತೆ ನನಗೆ ಬಂತು. ಮಂತ್ರಿಗಳಿಗೆ ಖಾತೆ ಬರುವುದೂ ಹೆಚ್ಚುಕಡಿಮೆ ಹೀಗೇ ಇರಬೇಕು.

ಒಳಗೆ ಹೋಗಿ ನೋಡಿದರೆ ಅದು ಹರಾಜು ಕಟ್ಟೆ. ಯಾರೋ ಒಬ್ಬರು ಏನನ್ನೋ ಹುಡುಕಿದೊಡನೆ, ಆ ಮಾತಿಗೆ ದರ ಕಟ್ಟಿದವರೆಲ್ಲರ ನಡುವೆ ಪೈಪೋಟಿ ನಡೆದು, ಪುಟ ಕಣ್ಣಿಗೆ ಬೀಳುವುದರೊಳಗೆ ತೀರ್ಮಾನವೂ ಆಗಿರುತ್ತದೆ. ಅಡಿಕೆ ಟೆಂಡರಿನಲ್ಲಿ ರಾಶಿರಾಶಿಗೂ ವ್ಯಾಪಾರಿಗಳು ದರ ಬರೆಯುವುದನ್ನು ನೋಡುತ್ತ ಬೆಳೆದವನಿಗೆ ಇದು ಪರಿಚಿತ ಲೋಕವೇ. ಆದರೆ ಅಲ್ಲಿ ಹೆಚ್ಚು ಬರೆದವನಿಗೆ ಮಾಲು. ಇಲ್ಲಿ ದರದ ಜೊತೆಗೆ ಜಾಹೀರಾತು ಹುಡುಕಿದ ಮಾತಿಗೆ ಹೊಂದುತ್ತದೆಯೇ, ಒತ್ತಿದರೆ ತೆರೆದುಕೊಳ್ಳುವ ಪುಟ ನೆಟ್ಟಗಿದೆಯೇ ಎಂದೂ ತೂಗುತ್ತಾರೆ. ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುವುದೂ ಉಂಟು. ಒತ್ತಿದರೆ ಮಾತ್ರ ದುಡ್ಡು ಎಂಬ ಪದ್ಧತಿಯನ್ನು ಹುಡುಕಾಟಕ್ಕೆ ತಂದವರಲ್ಲಿ ಮೊದಲಿಗ ಅಮೆರಿಕದ ಬಿಲ್ ಗ್ರಾಸ್, 1998ರಲ್ಲಿ, ಗೋಟು ಎಂಬ ತಾಣದಲ್ಲಿ. ಗೂಗಲ್ 2000ದಲ್ಲಿ ‘ಆಡ್‌ವರ್ಡ್ಸ್’ ತೆರೆದಾಗ ತೋರಿಸಿದ್ದಕ್ಕೇ ದುಡ್ಡು ತೆಗೆದುಕೊಳ್ಳುತ್ತಿತ್ತು. ಒತ್ತಿದ್ದಕ್ಕೆ ದುಡ್ಡು ಎಂಬ ಹರಾಜಿಗೆ ಬಂದದ್ದು 2002ರಲ್ಲಿ. ಇನ್ನೊಂದು ವ್ಯತ್ಯಾಸವಿದೆ. ಟೆಂಡರಿನಲ್ಲಿ ನಾವು ಮಾರುವವರು. ಇಲ್ಲಿ ನಾವು ಕೊಳ್ಳುವವರು, ಎಲ್ಲೋ ಒಬ್ಬರ ನಾಲಿಗೆಯ ಚಪಲವೇ ಮಾಲು.

ಲೆಕ್ಕವೂ ವಿಚಿತ್ರ. ದಿನಕ್ಕೆ ಇಷ್ಟು ಎಂದು ನೀವು ಬರೆದುಕೊಟ್ಟರೂ ಬೇಡಿಕೆ ಇರುವ ದಿನ ಅದರ ಎರಡರಷ್ಟು ಖರ್ಚಾಗಬಹುದು. ತಿಂಗಳ ಒಟ್ಟು ಮಾತ್ರ ದಿನದ ಮೊತ್ತದ 30.4 ಪಟ್ಟು ಮೀರುವುದಿಲ್ಲ. ಅಧಿಕಮಾಸ, ಕ್ಷಯಮಾಸ ಎರಡನ್ನೂ ಕಂಡ ನಮ್ಮ ಪಂಚಾಂಗದಲ್ಲೂ 30.4 ದಿನದ ತಿಂಗಳಿಲ್ಲ. ಇದರ ಮೇಲೆ 18% ಜಿಎಸ್‌ಟಿ ಬೇರೆ.

ತಲೆಬರಹಕ್ಕೆ 30 ಅಕ್ಷರದ ಮಿತಿ. ಹದಿನೈದರವರೆಗೆ ಕೊಡಬಹುದು, ಯಾವುದನ್ನು ಯಾವುದರ ಪಕ್ಕ ಕೂರಿಸಬೇಕು ಎಂಬುದು ಯಂತ್ರದ ವಿವೇಚನೆ. ಅತ್ತಿಗೆ ವಾಟ್ಸಾಪಿನಲ್ಲಿ ಕಳಿಸಿದ ಸಾಲುಗಳಲ್ಲಿ ‘ಈಗಷ್ಟೇ ಕಲಸಿದ್ದು’ ಮತ್ತು ‘ಎರಡು ವರ್ಷ ಕೆಡದು’ ಇವೆರಡೂ ಅಕ್ಕಪಕ್ಕ ಬಂದು ಕೂತವು. ಎರಡೂ ನಿಜವೇ, ಒಟ್ಟಿಗೆ ಓದಬಾರದಷ್ಟೆ.

ಕೀವರ್ಡಿನ ವಿಷಯಕ್ಕೆ ಬಂದರೆ, ನೀವು ಏನೂ ಗುರುತು ಹಾಕದೆ ಕೊಟ್ಟ ಮಾತನ್ನು ಯಂತ್ರ ಸಡಿಲವಾಗಿ ಅರ್ಥ ಮಾಡಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿದ ‘ಮಿಡಿ’ಗೆ ಈ ಲೋಕದಲ್ಲಿ ಬೇರೆ ಹಕ್ಕುದಾರರೂ ಇದ್ದಾರೆ. ಯಾವ ಹುಡುಕಾಟಕ್ಕೆ ಜಾಹೀರಾತು ಕಂಡಿತು ಎಂಬ ವರದಿ ತೆಗೆದರೆ, ಮೊಣಕಾಲಿನ ಕೆಳಗೆ ಇಳಿಯುವ ಮಿಡಿ ಫ್ರಾಕು ಬೇಕಾದವರು, ಸಂಗೀತದ ಮಿಡಿ ಕೀಬೋರ್ಡ್ ಹುಡುಕುವವರು ಎಲ್ಲ ಸಾಲಾಗಿ ನಿಂತಿದ್ದರು. ಯಂತ್ರದ ತಪ್ಪೇನಿಲ್ಲ, ಅದು ಶಿರಸಿಯಲ್ಲಿ ಹುಟ್ಟಿದ್ದಲ್ಲ. ಅಲಂಕಾರದ ನಡುವೆ ಯಾರೋ ಒಬ್ಬಾಕೆ ನಮ್ಮ ಜಾಹೀರಾತನ್ನು ಒತ್ತಿದ್ದಳು. ಫ್ರಾಕು ಕೊಂಡಳೋ ಇಲ್ಲವೋ, ಆ ಸಂಜೆ ಊಟಕ್ಕೆ ಕೂತಾಗ ಅವಳಿಗೆ ಏನೋ ಒಂದು ಕೊರತೆ ಅನ್ನಿಸಿರಬಹುದು.

ಇದಕ್ಕೆ ಮದ್ದು ನೆಗೆಟಿವ್ ಕೀವರ್ಡ್: ಯಾವ ಮಾತು ಬಂದರೆ ನಮ್ಮ ಜಾಹೀರಾತು ಕಾಣಬಾರದು ಎಂಬ ಪಟ್ಟಿ. ಫ್ರಾಕು, ಕೀಬೋರ್ಡು ಅಲ್ಲಿಗೆ ಹೋದವು, ಯಾರಿಗೂ ಬೇಸರವಾಗಲಿಲ್ಲ. ಹೊಸಬರಿಗೆ ಬಲ್ಲವರು ಹೇಳಿಕೊಡುವ ಮುಂದಿನ ಪಾಠ: ‘ಫ್ರೀ’, ‘ರೆಸಿಪಿ’, ‘ಮಾಡುವ ವಿಧಾನ’ ಇವನ್ನೂ ಸೇರಿಸಿ, ಅಂಥವರು ಒತ್ತುತ್ತಾರೆ, ಕೊಳ್ಳುವುದಿಲ್ಲ. ವ್ಯಾಪಾರದ ದೃಷ್ಟಿಯಿಂದ ಅಪ್ಪಟ ಸತ್ಯ. ಫೋನಿನಲ್ಲಿ ಅತ್ತಿಗೆಗೆ ಹೇಳಿದೆ.

‘ಅಲ್ದೋ ತಮಾ, ಹ್ಯಾಂಗೆ ಮಾಡದು ಹೇಳಿ ಕೇಳಿದವಕ್ಕೆ ಬಾಗಿಲು ಹಾಕದಾ?’

ನನ್ನಲ್ಲಿ ಉತ್ತರವಿರಲಿಲ್ಲ. ಆ ಮನೆಯಲ್ಲಿ ವಿಧಾನ ಕೇಳಿದವರಿಗೆ ಮೊದಲು ಚಾಪೆ, ಆಮೇಲೆ ಚಹಾ. ಆಮೇಲೆ ಪಾಠ: ಮಿಡಿಯನ್ನು ತೊಟ್ಟಿನ ಸಮೇತ ಕೀಳಬೇಕು, ನೆಲಕ್ಕೆ ಬಿದ್ದದ್ದು ಬೇಡ. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು, ಮೇಲೆ ಭಾರ. ದಿನವೂ ಒಣಗಿದ ಸೌಟಿನಿಂದ ಕೈಯಾಡಿಸಬೇಕು. ಮಿಡಿ ಮುರುಟಿ ಅಜ್ಜಿಯ ಬೆರಳಿನಂತಾದ ಮೇಲೆ ಉಪ್ಪುನೀರನ್ನು ಕುದಿಸಿ, ಆರಿಸಿ, ಸಾಸಿವೆ ಮೆಣಸಿನ ಪುಡಿಗೆ ಕಲಸಬೇಕು. ಅಷ್ಟು ಹೊತ್ತಿಗೆ ಕೇಳಿದವರ ಊರು, ಮಕ್ಕಳು, ಮಂಡಿನೋವು ಎಲ್ಲ ಗೊತ್ತಾಗಿರುತ್ತಿತ್ತು.

ಅತ್ತಿಗೆಯ ಅಪ್ಪಣೆಯಂತೆ ‘ಮಾಡುವ ವಿಧಾನ’ ಪಟ್ಟಿಗೆ ಸೇರಲಿಲ್ಲ. ಜಾಹೀರಾತು ಒತ್ತಿ, ಪುಟದಲ್ಲಿದ್ದ ನಂಬರಿಗೆ ಹುಬ್ಬಳ್ಳಿಯಿಂದ ಒಬ್ಬಾಕೆ ಕರೆ ಮಾಡಿದರು. ಅರ್ಧ ಗಂಟೆ ಮಾತು. ಬಾಟಲಿ ಕೊಳ್ಳಲಿಲ್ಲ. ವರದಿಯಲ್ಲಿ ಅದು ದುಡ್ಡು ಹೋದ ಒಂದು ಕ್ಲಿಕ್ಕು, ಮಾರಾಟ ಸೊನ್ನೆ. ಅತ್ತಿಗೆಯ ಲೆಕ್ಕದಲ್ಲಿ, ಮುಂದಿನ ಸಲ ಹುಬ್ಬಳ್ಳಿಗೆ ಹೋದರೆ ಊಟಕ್ಕೆ ಒಂದು ಮನೆ. ಇವೆರಡನ್ನು ತಾಳೆ ಹಾಕುವ ಕಲೆ ನನಗಿನ್ನೂ ಸಿದ್ಧಿಸಿಲ್ಲ. ಬಾಟಲಿಗಳು ಮಾತ್ರ ಅಷ್ಟಿಷ್ಟು ಹೋಗುತ್ತಿವೆ, ಖರ್ಚು ಕಳೆದು ಕೈಯಲ್ಲಿ ಸ್ವಲ್ಪ ಉಳಿಯುತ್ತಿದೆ.

ಓದುಗರಲ್ಲಿ ಒಂದು ವಿನಂತಿ. ವಿಧಾನವಷ್ಟೇ ಬೇಕಿದ್ದರೆ ದಯವಿಟ್ಟು ‘ಪ್ರಾಯೋಜಿತ’ ಎಂದು ಬರೆದ ಸಾಲನ್ನು ದಾಟಿ ಕೆಳಗಿಳಿಯಿರಿ. ಅಲ್ಲೂ ಎಲ್ಲೋ ನಮ್ಮ ಪುಟವಿದೆ, ಅತ್ತಿಗೆಯ ನಂಬರೂ ಅದೇ. ಅಲ್ಲಿ ಒತ್ತಿದರೆ ನಮಗೆ ದುಡ್ಡು ಬೀಳುವುದಿಲ್ಲ.