ಎಕ್ಸಿಟ್ 136ರ ಜರ್ಮನಿ

ಡೆಟ್ರಾಯಿಟ್ ಕಡೆಯ ಕನ್ನಡಿಗರ ಮನೆಗೆ ಊರಿನಿಂದ ಹಿರಿಯರು ಬಂದರೆ ಅವರನ್ನು ಎಲ್ಲೆಲ್ಲಿಗೆ ಕರೆದೊಯ್ಯಬೇಕೆಂಬ ಪಟ್ಟಿ ಮೊದಲೇ ತಯಾರಿರುತ್ತದೆ. ಡಿಯರ್‌ಬರ್ನಿನ ಹೆನ್ರಿ ಫೋರ್ಡ್ ಮ್ಯೂಸಿಯಂ, ಮ್ಯಾಕಿನಾ ದ್ವೀಪ, ನಯಾಗರ, ಶಿಕಾಗೋದ ಆ ಎತ್ತರದ ಕಟ್ಟಡ (2009ರಲ್ಲಿ ಅದಕ್ಕೆ ವಿಲ್ಲಿಸ್ ಟವರ್ ಎಂದು ಹೆಸರಾಯಿತು; ನಮ್ಮವರ ಬಾಯಲ್ಲಿ ಅದಿನ್ನೂ ಸಿಯರ್ಸೇ), ಬರುವಾಗ ದಾರಿಯಲ್ಲಿ ಲೆಮಾಂಟಿನ ದೇವಸ್ಥಾನ. ಇಷ್ಟೂ ಮುಗಿದು, ಹಿರಿಯರು ಸೋಫಾದ ಮೇಲೆ ಕುಳಿತು, ನರಪಿಳ್ಳೆಯೂ ನಡೆದಾಡದ ರಸ್ತೆಯನ್ನು ಕಿಟಕಿಯಿಂದ ನೋಡುತ್ತಾ ನಿಟ್ಟುಸಿರು ಬಿಡತೊಡಗಿದ ಹಂತದಲ್ಲಿ ಮನೆಯವರು ಕೊನೆಯ ಅಸ್ತ್ರ ಹೊರತೆಗೆಯುತ್ತಾರೆ: "ನಾಳೆ ಫ್ರಾಂಕನ್‌ಮುತ್‌ಗೆ ಹೋಗೋಣ. ಜರ್ಮನಿ ನೋಡಿದ ಹಾಗಾಗತ್ತೆ."

ನನ್ನ ಮಾವನವರಿಗೆ ಈ ಮಾತು ಅಷ್ಟಾಗಿ ರುಚಿಸಲಿಲ್ಲ. ಪುತ್ತೂರು ಸೀಮೆಯವರು, ನಿವೃತ್ತ ಹೈಸ್ಕೂಲು ಮಾಸ್ತರರು, ಚರಿತ್ರೆ ಪಾಠ ಮಾಡಿದವರು. "ಜರ್ಮನಿ ನೋಡಲಿಕ್ಕೆ ಇಷ್ಟು ದೂರ ಬರಬೇಕಿತ್ತಾ ಮಾರಾಯ? ನಮ್ಮ ಮಂಗಳೂರಿನ ಬಲ್ಮಠದಲ್ಲೇ ಜರ್ಮನ್ ಪಾದ್ರಿಗಳಿದ್ದರಲ್ಲ" ಎಂದರು. ಆದರೂ ಶಾಲು ಹೊದ್ದು ಕಾರು ಹತ್ತಿದರು. ಅಮೆರಿಕದಲ್ಲಿ ಮಾವಂದಿರಿಗೆ ಬೇರೆ ದಾರಿಯಾದರೂ ಎಲ್ಲಿದೆ?

ಡೆಟ್ರಾಯಿಟಿನಿಂದ ಉತ್ತರಕ್ಕೆ ಐ-75 ಹಿಡಿದರೆ ಸುಮಾರು ತೊಂಬತ್ತು ಮೈಲು. ಫ್ಲಿಂಟ್ ದಾಟಿ, ಎಕ್ಸಿಟ್ 136ರಲ್ಲಿ ಇಳಿಯಬೇಕು. ಇಳಿದ ತಕ್ಷಣ ಸಿಗುವುದು ಬರ್ಚ್ ರನ್ನಿನ ಅಗ್ಗದ ಬ್ರಾಂಡ್ ಅಂಗಡಿಗಳ ಸಾಲು. ನಮ್ಮ ಹೆಂಗಸರಲ್ಲಿ ಕೆಲವರ ಜರ್ಮನ್ ಯಾತ್ರೆ ಅಲ್ಲಿಗೇ ಮುಗಿಯುವುದುಂಟು. ಅದನ್ನು ಗೆದ್ದು ಮುಂದೆ ಹೋದವರಿಗೆ ಬಯಲು, ಹೊಲ, ಕಣಜಗಳು. ಆಮೇಲೆ ಇದ್ದಕ್ಕಿದ್ದಂತೆ ಇಳಿಜಾರು ಚಾವಣಿಯ ಮನೆಗಳು, ಬಿಳಿ ಗೋಡೆಗೆ ಅಡ್ಡಡ್ಡ ಹಾಯ್ದ ಕಂದು ಮರದ ಪಟ್ಟಿಗಳು, ಪ್ರತಿ ಕಿಟಕಿಯ ಕೆಳಗೂ ಕೆಂಪು ಹೂವಿನ ತೊಟ್ಟಿ. ಅಂಗಡಿಗಳ ಬೋರ್ಡಿನ ಅಕ್ಷರಗಳೂ ಹಳೆಯ ಜರ್ಮನ್ ಪುಸ್ತಕದಿಂದ ಎದ್ದು ಬಂದಂಥವು. ಸುಮಾರು ಐದು ಸಾವಿರ ಜನಸಂಖ್ಯೆಯ ಊರು. ವಾರಾಂತ್ಯದಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕುವುದು ಪುಣ್ಯವಂತರಿಗೆ.

ಕ್ಯಾಸ್ ನದಿಯ ಮೇಲೆ ಚಾವಣಿ ಹೊದ್ದ ಒಂದು ಮರದ ಸೇತುವೆಯಿದೆ. ನೂರಾರು ವರ್ಷ ಹಳೆಯದೆಂದು ನಂಬಲು ಎಲ್ಲ ಅನುಕೂಲವೂ ಇದೆ. ಕಟ್ಟಿದ್ದು ಮಾತ್ರ 1979–80ರಲ್ಲಿ. ಕಟ್ಟಿದ ಮಿಲ್ಟನ್ ಗ್ರೇಟನ್ ಎಂಬ ಹಳೆಗಾಲದ ಕಸುಬುದಾರ ಅದನ್ನು ದಡದಲ್ಲಿ ಜೋಡಿಸಿ ಎತ್ತುಗಳಿಂದ ನದಿಯಾಚೆಗೆ ಎಳೆಸಿದನಂತೆ. ಊರಿನ ನಡುವೆ ಒಂದು ಗಂಟೆ ಗೋಪುರ. ಹೊತ್ತು ಬಂದಾಗ ಬಾಗಿಲು ತೆರೆದು ಮರದ ಗೊಂಬೆಗಳು ಹೊರಬಂದು ಕಿಂದರಿಜೋಗಿಯ ಕಥೆ ಆಡಿ ತೋರಿಸುತ್ತವೆ. ಕುವೆಂಪು ಅವರ ಕೃಪೆಯಿಂದ ಈ ಕಥೆ ನಮ್ಮ ಅತ್ತೆಯವರಿಗೂ ಚೆನ್ನಾಗಿ ಗೊತ್ತು. ಗೊಂಬೆ ಮುಗಿಯುವವರೆಗೂ ಕತ್ತೆತ್ತಿ ನಿಂತಿದ್ದರು. ಮಾವನವರು ಪಕ್ಕದಿಂದ ಒಂದು ತಕರಾರು ತೆಗೆದರು. ಕಿಂದರಿಜೋಗಿಯ ಹ್ಯಾಮಿಲಿನ್ ಊರು ಇರುವುದು ಜರ್ಮನಿಯ ಉತ್ತರದಲ್ಲಿ. ದಕ್ಷಿಣದ ಬವೇರಿಯಾಕ್ಕೂ ಅದಕ್ಕೂ ಏನು ಸಂಬಂಧ?

ಸಂಬಂಧ ಕೇಳಹೊರಟರೆ ಫ್ರಾಂಕನ್‌ಮುತ್‌ನಲ್ಲಿ ಬಹಳ ಕಷ್ಟ. ಊರಿನ ಹೆಸರುವಾಸಿ ಊಟ ಎಂದರೆ ಕರಿದ ಕೋಳಿ, ಅದೂ ಬೇಡವೆನ್ನುವವರೆಗೆ ಬಡಿಸುವ ಪದ್ಧತಿಯಲ್ಲಿ. ಕರಿದ ಕೋಳಿ ಅಪ್ಪಟ ಅಮೆರಿಕದ ಅಡುಗೆ. ಮುಖ್ಯ ಬೀದಿಯಲ್ಲಿ ಎರಡು ದೊಡ್ಡ ಊಟದ ಮನೆಗಳು ಎದುರುಬದುರು ನಿಂತಿವೆ, ಎರಡೂ ಜೆಂಡರ್ ಮನೆತನದ್ದೇ. ಒಂದು ಬವೇರಿಯನ್ ಇನ್, ಗಂಟೆ ಗೋಪುರ ಇರುವುದು ಇದರಲ್ಲೇ. ಇನ್ನೊಂದು ಜೆಂಡರ್ಸ್, ಅದರ ಮುಖ ಜಾರ್ಜ್ ವಾಷಿಂಗ್ಟನ್ನರ ಮೌಂಟ್ ವರ್ನನ್ ಮನೆಯಂತಿದೆ! ನಮಗೆ ಬಡಿಸಿದ ಹುಡುಗಿ ನೆರಿಗೆ ಲಂಗ, ಕಸೂತಿ ಕುಪ್ಪಸ ತೊಟ್ಟು ಸಾಕ್ಷಾತ್ ಆಲ್ಪ್ಸ್ ಬೆಟ್ಟದಿಂದ ಇಳಿದು ಬಂದ ಹಾಗಿದ್ದಳು. ಮಾವನವರು ಬಿಡುವವರಲ್ಲ, ನಿನ್ನ ಊರು ಯಾವುದಮ್ಮ ಎಂದು ವಿಚಾರಿಸಿದರು. "ಸ್ಯಾಗಿನಾ" ಎಂದಳು. ಹದಿನೈದಿಪ್ಪತ್ತು ಮೈಲಿ ದೂರದ ಊರು. ನಮ್ಮ ಸಸ್ಯಾಹಾರಿ ಪಂಗಡ ಬ್ರೆಡ್ಡು, ಚೀಸು, ಎಲೆಕೋಸಿನ ಸಲಾಡು, ಆಲೂಗಡ್ಡೆಯಲ್ಲಿ ಊಟ ಮುಗಿಸಿತು. ಕಾರಿನಲ್ಲಿ ಪುಳಿಯೋಗರೆ ಇತ್ತೆಂಬುದನ್ನು ಇಲ್ಲಿ ಹೇಳಬೇಕಾದ್ದಿಲ್ಲ.

ಊರಿನ ಅಂಚಿನಲ್ಲಿ ಬ್ರಾನರ್ಸ್ ಎಂಬ ಕ್ರಿಸ್‌ಮಸ್ ಅಂಗಡಿ. ವಾಲಿ ಬ್ರಾನರ್ ಎಂಬುವರು 1945ರಲ್ಲಿ ಶುರುಮಾಡಿದ್ದು, ಈ ಬಗೆಯ ಅಂಗಡಿಗಳಲ್ಲಿ ಜಗತ್ತಿಗೇ ದೊಡ್ಡದೆಂದು ಪ್ರಸಿದ್ಧಿ. ವರ್ಷಕ್ಕೆ 361 ದಿನ ತೆರೆದಿರುತ್ತದೆ. ಜುಲೈ ಸೆಖೆಯಲ್ಲೂ ಅಲ್ಲಿ ಹಿಮದ ಮುದುಕಪ್ಪಗಳು. ಒಮ್ಮೆ ನೋಡಬಹುದು, ಕಾಲು ಗಟ್ಟಿಯಿದ್ದರೆ.

ಅಸಲು ಸಂಗತಿ ಇರುವುದು ಮುಖ್ಯ ಬೀದಿಯನ್ನು ಬಿಟ್ಟು ಪಕ್ಕಕ್ಕೆ ಹೊರಳಿದಾಗ ಸಿಗುವ ಸೇಂಟ್ ಲೊರೆನ್ಜ್ ಚರ್ಚಿನಲ್ಲಿ. ಕೋಳಿ ತಿಂದು, ಸೇತುವೆಯ ಮೇಲೆ ಫೋಟೋ ತೆಗೆಸಿ ಮರಳುವ ನಮ್ಮವರು ಅಲ್ಲಿಗೆ ಹೋದದ್ದು ನಾನು ಕೇಳಿಲ್ಲ. ಈಗಿರುವ ಇಟ್ಟಿಗೆಯ ಚರ್ಚು 1880ರದ್ದು. ಆವರಣದಲ್ಲಿ ಮರದ ದಿಮ್ಮಿಯ ಒಂದು ಗುಡಿಸಿಲಿದೆ, ಮೊದಲ ಚರ್ಚಿನ ಪ್ರತಿಕೃತಿ. ಹೂವಿನ ತೊಟ್ಟಿಯಿಲ್ಲ, ಕಸೂತಿಯಿಲ್ಲ. ಈ ಊರಿನ ಮೊದಲ ಜರ್ಮನರು ಬದುಕಿದ್ದು ಹಾಗೆ.

ಅವರು ಬಂದದ್ದು 1845ರಲ್ಲಿ. ನ್ಯೂರೆಂಬರ್ಗಿನ ಹತ್ತಿರ ನೊಯೆನ್‌ಡೆಟೆಲ್ಸೌ ಎಂಬ ಹಳ್ಳಿಯ ಪಾದ್ರಿ ವಿಲ್ಹೆಲ್ಮ್ ಲ್ಯೋಹೆಗೆ, ಮಿಷಿಗನ್ನಿನ ಮೂಲನಿವಾಸಿಗಳಾದ ಚಿಪ್ಪೆವಾ ಜನರ ನಡುವೆ ಒಂದು ಆದರ್ಶ ಕ್ರೈಸ್ತ ಹಳ್ಳಿ ಕಟ್ಟಿದರೆ ಅದನ್ನು ನೋಡಿಯೇ ಅವರು ಮತಕ್ಕೆ ಬಂದಾರೆಂಬ ಕನಸು. ತಾನು ಅಮೆರಿಕಕ್ಕೆ ಕಾಲಿಡಲೇ ಇಲ್ಲ. ಆಗಸ್ಟ್ ಕ್ರೇಮರ್ ಎಂಬ ಪಾದ್ರಿಯ ಮುಂದಾಳತ್ವದಲ್ಲಿ ಒಂದು ಪುಟ್ಟ ಗುಂಪನ್ನು ಕಳಿಸಿದ. ಹೆಚ್ಚಿನವರು ರೋಸ್‌ಟಾಲ್ ಎಂಬ ಊರಿನ ರೈತ ಮಕ್ಕಳು. ಅಲ್ಲಿಯ ಚರ್ಚಿನ ಹೆಸರೇ ಇಲ್ಲಿಯದಕ್ಕೂ. ಆಸ್ತಿಯಿಲ್ಲದವರು ಮದುವೆಯಾಗುವುದಕ್ಕೆ ಅಂದಿನ ಬವೇರಿಯಾದ ಕಾನೂನು ಅಡ್ಡಬರುತ್ತಿತ್ತು. ಹಾಗಾಗಿ ಹಡಗಿನಲ್ಲೇ ಕೆಲವು ಜೋಡಿಗಳ ಮದುವೆ ನಡೆಯಿತು. ಇಲ್ಲಿಗೆ ಬಂದು ಸರ್ಕಾರದಿಂದ 680 ಎಕರೆ ಕೊಂಡರು, 1,700 ಡಾಲರಿಗೆ. ಆ ನೆಲ ಯಾರದ್ದು? 1819ರ ಸ್ಯಾಗಿನಾ ಒಪ್ಪಂದದಲ್ಲಿ ಗವರ್ನರ್ ಲೂಯಿಸ್ ಕ್ಯಾಸ್ ಚಿಪ್ಪೆವಾ ಜನರಿಂದ ಸುಮಾರು ಅರವತ್ತು ಲಕ್ಷ ಎಕರೆ ಬರೆಸಿಕೊಂಡಿದ್ದ. ಮರದ ಸೇತುವೆಯ ಕೆಳಗೆ ಹರಿಯುವ ನದಿಗೆ ಇರುವುದು ಅವನ ಹೆಸರು. ಜರ್ಮನರ ಕೊಡಲಿ ಕಾಡು ಕಡಿಯುತ್ತ ಹೋದಂತೆ ಚಿಪ್ಪೆವಾ ಜನ ದೂರ ಸರಿದರು, ಮತಾಂತರದ ಕೆಲಸ ಕೆಲವೇ ವರ್ಷಗಳಲ್ಲಿ ಸೊರಗಿತು. ಅಷ್ಟರಲ್ಲಿ ಕ್ರೇಮರ್ 1847ರಲ್ಲಿ ಶಿಕಾಗೋಗೆ ಹೋಗಿ, ಮುಂದೆ ಮಿಸೌರಿ ಸಿನಡ್ ಎಂದು ದೊಡ್ಡದಾಗಿ ಬೆಳೆದ ಲೂಥರನ್ ಸಂಘದ ಸ್ಥಾಪಕರಲ್ಲಿ ಒಬ್ಬನಾದ. ಊರು ಉಳಿಯಿತು, ಯಾರಿಗಾಗಿ ಕಟ್ಟಿದ್ದೋ ಅವರು ಉಳಿಯಲಿಲ್ಲ.

ಈ ಕಥೆಯನ್ನು ಸುಮ್ಮನೆ ಕೇಳುತ್ತಿದ್ದ ಮಾವನವರು ಬಯರ್‌ಲೈನ್ ಎಂಬ ಹೆಸರು ಬಂದಾಗ ಎದ್ದು ಕುಳಿತರು. ಕ್ರೇಮರನಿಗೆ ನೆರವಾಗಲು 1847ರಲ್ಲಿ ಬಂದ ಈತ ಪಶ್ಚಿಮಕ್ಕೆ ಸರಿದು ಬೆಥನಿ ಎಂಬ ಬೇರೆ ಕೇಂದ್ರ ಕಟ್ಟಿದ, ಚಿಪ್ಪೆವಾ ನುಡಿ ಕಲಿತ, ಅವರ ಮಕ್ಕಳಿಗೆ ಓದಲು ಅದೇ ನುಡಿಯಲ್ಲಿ ಬಾಲಬೋಧೆ ಬರೆದು 1852ರಲ್ಲಿ ಡೆಟ್ರಾಯಿಟಿನಲ್ಲಿ ಅಚ್ಚು ಹಾಕಿಸಿದ. ಮರುವರ್ಷ ಮಿಷನ್ನಿನವರು ಅವನನ್ನು ಎತ್ತಿ ಕಳಿಸಿದ್ದು ಇಂಡಿಯಾಕ್ಕೆ, ತಮಿಳು ಸೀಮೆಗೆ! ರೆಡ್ ಇಂಡಿಯನ್ನರಿಂದ ಅಸಲು ಇಂಡಿಯನ್ನರಿಗೆ ವರ್ಗ. ಕೊಲಂಬಸನ ತಪ್ಪನ್ನು ಇಷ್ಟು ಶ್ರದ್ಧೆಯಿಂದ ತಿದ್ದಿಕೊಂಡವರು ಮತ್ತೊಬ್ಬರಿಲ್ಲ ಎಂದು ಮಾವನವರು ನಕ್ಕರು. ಆಮೇಲೆ ಅವರ ಪಾಠ ಶುರುವಾಯಿತು. ಅದೇ ದಕ್ಷಿಣ ಜರ್ಮನಿಯ ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟಿದ ಹರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ್ದು, ಕಿಟ್ಟೆಲ್ 1894ರಲ್ಲಿ ನಿಘಂಟು ಮುಗಿಸಿ ತನ್ನ ಕೊನೆಗಾಲವನ್ನು ಟ್ಯೂಬಿಂಗನ್‌ನಲ್ಲಿ ಕಳೆದದ್ದು. ಎಲ್ಲರೂ ಅದೇ ಶತಮಾನದಲ್ಲಿ ಜರ್ಮನಿಯಿಂದ ಹೊರಟ ಪಾದ್ರಿಗಳು. ಚಿಪ್ಪೆವಾ ಮಕ್ಕಳಿಗೆ ಅಚ್ಚಾದ ಪುಸ್ತಕ ಯಾವುದೋ ಗ್ರಂಥಾಲಯ ಸೇರಿತು. ಕನ್ನಡ ಪತ್ರಿಕೋದ್ಯಮ ಇಂದಿಗೂ ಜುಲೈ 1ನ್ನು ತನ್ನ ಹುಟ್ಟುಹಬ್ಬವೆಂದು ಆಚರಿಸುತ್ತದೆ. ವ್ಯತ್ಯಾಸ ಪಾದ್ರಿಗಳಲ್ಲಿ ಇರಲಿಲ್ಲ. ಕನ್ನಡದವರು ತಮ್ಮ ನೆಲದ ಮೇಲೇ ಇದ್ದರು, ಅಷ್ಟೇ.

ಫ್ರಾಂಕನ್‌ಮುತ್‌ನ ಜರ್ಮನರಾದರೋ ತಮ್ಮ ಮಾತನ್ನು ಸುಲಭವಾಗಿ ಬಿಟ್ಟವರಲ್ಲ. ಚರ್ಚಿನಲ್ಲಿ, ಶಾಲೆಯಲ್ಲಿ, ಕೊಟ್ಟಿಗೆಯಲ್ಲಿ ಅದೇ ಪೂರ್ವ ಫ್ರಾಂಕೋನಿಯದ ಹಳ್ಳಿಮಾತು. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ದೇಶದ ತುಂಬ ಜರ್ಮನ್ ನುಡಿಯ ಮೇಲೆ ಕೋಪ ಕೆರಳಿತು. ಶಿಕಾಗೋದಲ್ಲಿ ಬಿಸ್ಮಾರ್ಕ್ ಹೋಟೆಲು ಹೆಸರು ಬದಲಿಸಿಕೊಂಡಿತು. ನಮ್ಮ ಮಿಷಿಗನ್ನಿನಲ್ಲೇ ಬರ್ಲಿನ್ ಎಂಬ ಹಳ್ಳಿ 1919ರಲ್ಲಿ ಮಾರ್ನ್ ಆಯಿತು. ನೆಬ್ರಾಸ್ಕಾದಲ್ಲಿ ಲೂಥರನ್ ಶಾಲೆಯ ಮೇಷ್ಟ್ರೊಬ್ಬರು ಮಗುವಿಗೆ ಜರ್ಮನ್ ಓದಿಸಿದ್ದಕ್ಕೆ ದಂಡ ಬಿದ್ದು, ಅದು ತಪ್ಪೆಂದು ಸುಪ್ರೀಂ ಕೋರ್ಟು ಹೇಳಲು 1923 ಬರಬೇಕಾಯಿತು. ಇದೆಲ್ಲ ಕಳೆದ ಮೇಲೂ ಈ ಊರಿನ ಹಿರಿಯರ ಬಾಯಲ್ಲಿ ಆ ಮಾತು ಬಹುಕಾಲ ಉಳಿದಿತ್ತು. 1994ರಲ್ಲಿ ರೆನಾಟೆ ಬಾರ್ನ್ ಎಂಬ ವಿದುಷಿ ಅದರ ಮೇಲೆ ಒಂದು ಇಡೀ ಗ್ರಂಥ ಪ್ರಕಟಿಸಿದರು. ಪಂಡಿತರು ಟೇಪ್ ರೆಕಾರ್ಡರ್ ಹಿಡಿದು ಮನೆಬಾಗಿಲಿಗೆ ಬಂದರೆಂದರೆ ಆ ಮನೆಯ ಮಾತಿಗೆ ಗಂಡಾಂತರವೆಂದೇ ಲೆಕ್ಕ.

ಈಗ ನಾವು ನೋಡಿ ಬಾಯಿ ಬಿಡುವ ಜರ್ಮನಿ ಶುರುವಾದದ್ದು 1959ರಲ್ಲಿ. ಜೆಂಡರ್ ಮನೆತನ 1950ರಲ್ಲಿ ಎದುರಿನ ಫಿಷರ್ ಹೋಟೆಲನ್ನು, ಅಂದರೆ ಈಗಿನ ಬವೇರಿಯನ್ ಇನ್ನನ್ನು, ಕೊಂಡಿತ್ತು, ವ್ಯಾಪಾರ ಕೈಹತ್ತಲಿಲ್ಲ. ಟೈನಿ ಎಂದು ಕರೆಸಿಕೊಳ್ಳುತ್ತಿದ್ದ ವಿಲಿಯಂ ಜೆಂಡರ್ ಅದಕ್ಕೆ ಬವೇರಿಯದ ಚಾವಣಿ, ಬಾಲ್ಕನಿ, ವೇಷಭೂಷಣ ತೊಡಿಸಿದ. ಪ್ರಾರಂಭೋತ್ಸವಕ್ಕೆ ಜನ ಮುಗಿಬಿದ್ದರು. ಉಳಿದ ಅಂಗಡಿಗಳೂ ಅದೇ ಹಾದಿ ಹಿಡಿದವು, 1963ರಿಂದ ಬವೇರಿಯನ್ ಹಬ್ಬ ಬಂತು. ತಮಾಷೆಯೆಂದರೆ ಈ ಊರಿನ ಪೂರ್ವಿಕರು ಬವೇರಿಯದವರೆಂದು ಕರೆಸಿಕೊಳ್ಳಲು ಇಷ್ಟಪಡುವ ಜನವಲ್ಲ. ಅವರು ಫ್ರಾಂಕೋನಿಯದವರು, ಲೂಥರನ್ನರು. ನೆಪೋಲಿಯನ್ನನ ಕಾಲದಲ್ಲಿ ಅವರ ಸೀಮೆಯನ್ನು ಕ್ಯಾಥೊಲಿಕ್ ಬವೇರಿಯಕ್ಕೆ ಸೇರಿಸಲಾಯಿತು. ಈಗಲೂ ಆ ಕಡೆ ಇದರ ಮುನಿಸು ಪೂರ್ತಿ ಆರಿಲ್ಲ. ಇವರಿಗೆ ಆಲ್ಪ್ಸ್ ಬೆಟ್ಟದ ಚರ್ಮದ ಚಡ್ಡಿ ಹಾಕಿಸುವುದೆಂದರೆ ಕೊಡವರಿಗೆ ಮೈಸೂರು ಪೇಟ ಸುತ್ತಿಸಿದ ಹಾಗೆ.

ಹಾಗೆಂದು ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ಅಸಲಿ ಫ್ರಾಂಕೋನಿಯದ ರೋಥೆನ್‌ಬರ್ಗ್ ಊರನ್ನೇ ನೋಡಿ. 1945ರ ಮಾರ್ಚ್ 31ರ ಬಾಂಬಿಗೆ ಅದರ ಹೆಚ್ಚುಕಡಿಮೆ ಐದರಲ್ಲೆರಡು ಪಾಲು ಸುಟ್ಟಿತು. ಹಳೆಯ ಅಳತೆಯಲ್ಲೇ ಮತ್ತೆ ಕಟ್ಟಿದರು. ವರ್ಷಪೂರ್ತಿ ತೆರೆದಿರುವ ಕ್ರಿಸ್‌ಮಸ್ ಅಂಗಡಿ ಅಲ್ಲೂ ಇದೆ, ಬ್ರಾನರ್ಸ್‌ಗಿಂತ ಕಿರಿಯದು. ಪ್ರವಾಸಿಗರ ಕಣ್ಣಿಗೆ ಬೇಕಾದ ಜರ್ಮನಿಯನ್ನು ಜರ್ಮನರೂ ಮಾರುತ್ತಾರೆ. ಟೈನಿ ಜೆಂಡರ್ ಮಾಡಿದ್ದು ತನ್ನ ಊರನ್ನು ಬದುಕಿಸುವ ಕೆಲಸ. ಮಿಷಿಗನ್ನಿನ ಎಷ್ಟೋ ಸಣ್ಣ ಊರುಗಳು ಕಾರ್ಖಾನೆ ಮುಚ್ಚಿ ಹಾಳು ಸುರಿಯುವಾಗ ಇಲ್ಲಿ ಮಕ್ಕಳಿಗೆ ಕೆಲಸವಿದೆ, ಸೇಂಟ್ ಲೊರೆನ್ಜ್ ಶಾಲೆ ಇನ್ನೂ ನಡೆಯುತ್ತಿದೆ. ಆದರೆ ಲೆಕ್ಕ ಒಂದನ್ನು ಗಮನಿಸಬೇಕು. ಊರಿನವರೆಲ್ಲ ಜರ್ಮನ್ ಮಾತಾಡುತ್ತಿದ್ದ ನೂರು ವರ್ಷ ಅಲ್ಲಿ ಅಲಂಕಾರ ಇರಲಿಲ್ಲ. ಅಲಂಕಾರ ಬಂದದ್ದು ಮಾತು ಹೋಗತೊಡಗಿದ ಮೇಲೆ.

ಮರಳುವ ದಾರಿಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ನಮ್ಮ ಕೂಟಗಳು. ಡೆಟ್ರಾಯಿಟಿಗೆ ಪಂಪನ ಹೆಸರಿನದು, ಶಿಕಾಗೋಗೆ ವಿದ್ಯಾರಣ್ಯರದು. 2002ರ ವಿಶ್ವ ಕನ್ನಡ ಸಮ್ಮೇಳನ ಇಲ್ಲಿ, 2008ರದ್ದು ಅಲ್ಲಿ. 1965ರ ವಲಸೆ ಕಾನೂನಿನ ಬೆನ್ನಿಗೆ ಬಂದ ಮೊದಲ ತಲೆಮಾರಿನ ಎಂಜಿನಿಯರುಗಳು, ಡಾಕ್ಟರುಗಳು ಯಾರದೋ ಬೇಸ್‌ಮೆಂಟಿನಲ್ಲಿ ಸೇರಿ, ಅವಲಕ್ಕಿ ತಿಂದು, ಊರಿನ ರಾಜಕೀಯದ ಬಗ್ಗೆ ಕನ್ನಡದಲ್ಲೇ ಜಗಳವಾಡಿದರು. ಅವರ ಬಳಿ ಡೊಳ್ಳೂ ಇರಲಿಲ್ಲ, ಪೇಟವೂ ಇರಲಿಲ್ಲ. ಈಗ ನಮ್ಮ ರಾಜ್ಯೋತ್ಸವದಲ್ಲಿ ಎಲ್ಲವೂ ಇದೆ. ಜರತಾರಿ ಪೇಟ, ಥರ್ಮೋಕೋಲಿನ ಹಂಪಿಯ ರಥ, ಬೆಂಗಳೂರಿನಿಂದ ತರಿಸಿದ ಕಂಸಾಳೆ. ಮಕ್ಕಳು ಸೊಗಸಾಗಿ ಕುಣಿಯುತ್ತಾರೆ. ವೇದಿಕೆ ಇಳಿದು ಇಂಗ್ಲಿಷಿನಲ್ಲಿ ನೀರು ಕೇಳುತ್ತಾರೆ. ನಾವೂ ಇಂಗ್ಲಿಷಿನಲ್ಲೇ ಕೊಡುತ್ತೇವೆ.

ಮಾವನವರು ನನ್ನಷ್ಟು ನಿರಾಶರಲ್ಲ. "ಅವರಿಗೆ ಊರಿಂದ ವರ್ಷಕ್ಕೊಮ್ಮೆ ಮಾವ ಬರುತ್ತಿರಲಿಲ್ಲ" ಎಂದರು. ಮಾತಿನಲ್ಲಿ ಹುರುಳಿದೆ. ಆ ಜರ್ಮನರಿಗೆ ಹಡಗು ಹತ್ತಿದರೆ ಹತ್ತಿದಂತೆ. ನಮಗೆ ಪ್ರತಿ ಭಾನುವಾರ ವಾಟ್ಸಾಪಿನಲ್ಲಿ ಅಜ್ಜಿ. ಮೊಮ್ಮಗಳು ಅಜ್ಜನ ಜೊತೆ ಆರು ತಿಂಗಳು ಕಳೆದದ್ದರಿಂದ ಅವಳ ಕನ್ನಡಕ್ಕೆ ಪುತ್ತೂರಿನ ರಾಗ ಬಂದಿದೆ. ಕನ್ನಡ ಕಲಿ ತರಗತಿಯಲ್ಲಿ ಮೈಸೂರು ಕಡೆಯ ಮೇಷ್ಟ್ರು ತಿದ್ದಲು ಹೋದರು. ತಿದ್ದಬೇಡಿ ಎಂದು ಕೇಳಿಕೊಂಡಿದ್ದೇನೆ.

ನೀವೂ ಊರಿನವರನ್ನು ಕರೆದುಕೊಂಡು ಹೋಗುವುದಾದರೆ ಭಾನುವಾರ ಬೇಡ, ಊಟಕ್ಕೆ ಉದ್ದ ಸಾಲಿರುತ್ತದೆ. ವಾರದ ದಿನ ಬೆಳಿಗ್ಗೆಯೇ ಹೊರಟು ಮೊದಲು ಸೇಂಟ್ ಲೊರೆನ್ಜ್ ಚರ್ಚಿನ ಹಿಂದುಮುಂದಿನ ಆವರಣ ನೋಡಿ. ಹಳೆಯ ಗೋರಿಗಲ್ಲುಗಳಲ್ಲಿ ಜರ್ಮನ್ ಎಲ್ಲಿ ನಿಂತು ಇಂಗ್ಲಿಷ್ ಎಲ್ಲಿ ಶುರುವಾಗುತ್ತದೆಂದು ಮಕ್ಕಳಿಗೆ ಹುಡುಕಲು ಹೇಳಿ. ಕೋಳಿ, ಗಂಟೆ ಗೋಪುರ, ಬರ್ಚ್ ರನ್ನಿನ ಅಂಗಡಿಗಳು ಆಮೇಲೂ ಸಿಗುತ್ತವೆ. ಕಾರಿನಲ್ಲಿ ಹೋಗುವಷ್ಟು ಹೊತ್ತೂ ಕನ್ನಡದಲ್ಲಿ ಮಾತಾಡಿ, ತೊಂಬತ್ತು ಮೈಲಿಗೆ ಒಂದೂವರೆ ತಾಸು ಸಿಗುತ್ತದೆ.