ಸ್ಟೇಟಸ್‌ನಲ್ಲಿ ಇಳಕಲ್ ಸೀರೆ

2018ರಲ್ಲಿ ಬಂದ ವಾಟ್ಸ್ಆ್ಯಪ್ ಬಿಸಿನೆಸ್‌ಗೆ ಕ್ಯಾಟಲಾಗ್ ಸೇರಿದ್ದು 2019ರ ಕೊನೆಗೆ. ಆದರೂ ಮನೆಯಿಂದ ಸೀರೆ ಮಾರುವ ಅನೇಕ ಹೆಂಗಸರಿಗೆ ಇಂದಿಗೂ ಸ್ಟೇಟಸ್ಸೇ ಅಂಗಡಿ. ಬಾಡಿಗೆಯಿಲ್ಲ, ಮುಂಗಡವಿಲ್ಲ. ಫೋಟೊ, ದರ ಹಾಕಿದರೆ ಸಾಕು. ಮೊದಲು ಯುಪಿಐನಲ್ಲಿ ಹಣ ಕಳಿಸಿದವರಿಗೆ ಸೀರೆ, ಉಳಿದದ್ದು ಕೊರಿಯರ್‌ನವರ ಕೆಲಸ. 24 ಗಂಟೆಗೆ ಸ್ಟೇಟಸ್ ಅಳಿಯುವುದರಿಂದ ಕೊಳ್ಳುವವರಿಗೂ ಅವಸರ. ಚೌಕಾಸಿ ಮಾತ್ರ ನಿಂತಿಲ್ಲ.

ತೊಡಕಿರುವುದು ಇಳಕಲ್‌ನಂಥ ನೇಯ್ಗೆಯಲ್ಲಿ. ಕೈಮಗ್ಗದ ಅಸಲಿ ಸೀರೆಯಲ್ಲಿ ಒಡಲಿನ ಹಾಸುನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಜೋಡಣೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಮೊಬೈಲ್ ಪರದೆಯಲ್ಲಿ ವಿದ್ಯುತ್ ಮಗ್ಗದ ಸೀರೆಯೂ ಅಷ್ಟೇ ಚೆಂದ, ಬೆಲೆಯೂ ಕಡಿಮೆ; ಹೀಗಾಗಿ ನೇಕಾರನ ದರ ದುಬಾರಿಯಾಗಿ ಕಾಣುತ್ತದೆ. ತಿಳಿದ ಗಿರಾಕಿಗಳು ಸೆರಗು ಕೂಡುವ ಜಾಗದ ಫೋಟೊವನ್ನು, ಅದೂ ಹಿಂಬದಿಯದನ್ನು, ಬೇರೆಯಾಗಿ ಕೇಳಿ ತರಿಸಿಕೊಳ್ಳುತ್ತಾರೆ.