ಪಿಸಿಸಿಗೆ ಎಕ್ಸ್‌ಪೈರಿ ಡೇಟ್ ಎಲ್ಲಿದೆ?

ಉಪ್ಪಳದಲ್ಲಿ ನಮ್ಮ ಉಪ್ಪನದ್ದು ಸಣ್ಣ ಜೀನಸಿನ ಅಂಗಡಿ. ಚಿಕ್ಕಂದಿನಲ್ಲಿ ಮದ್ರಸ ಬಿಟ್ಟು ಬಂದ ಮೇಲೆ ನನಗೆ ಅಲ್ಲಿ ಒಂದು ಕೆಲಸ ಇರುತ್ತಿತ್ತು. ಬಿಸ್ಕತ್ತು, ಬ್ರೆಡ್ಡು, ಹಾಲಿನ ಪುಡಿಯ ಪ್ಯಾಕೆಟ್‌ಗಳನ್ನು ತಿರುಗಿಸಿ ತಾರೀಕು ನೋಡುವುದು. ತಾರೀಕು ಮುಗಿದದ್ದನ್ನು ಕೆಳಗಿನ ಪೆಟ್ಟಿಗೆಗೆ ಹಾಕುವುದು. ಆ ಅಭ್ಯಾಸ ಬಿಟ್ಟಿಲ್ಲ. 2024ರ ಫೆಬ್ರವರಿಯಲ್ಲಿ ಮೊದಲ ಸಲ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೈಗೆ ಸಿಕ್ಕಿದಾಗಲೂ ನಾನು ಮೊದಲು ಹುಡುಕಿದ್ದು ಅದರ ಎಕ್ಸ್‌ಪೈರಿ ಡೇಟನ್ನು. ಕೊಟ್ಟ ತಾರೀಕು ಇತ್ತು, ಮುಗಿಯುವ ತಾರೀಕು ಇರಲಿಲ್ಲ. ಹಾಗಾದರೆ ಇದು ಯಾವಾಗಲೂ ನಡೆಯುತ್ತದೆ ಅಂತ ಫೈಲಿಗೆ ಹಾಕಿಟ್ಟೆ.

ನಮ್ಮ ಮನೆಗಳಲ್ಲಿ ಪಿಸಿಸಿ ಗೊತ್ತಿಲ್ಲದವರು ಕಡಿಮೆ. ಆದರೆ ಅದರ ನಿಯಮ ಸರಿಯಾಗಿ ಗೊತ್ತಿರುವವರೂ ಕಡಿಮೆ. ಯುಎಇ 2018ರ ಫೆಬ್ರವರಿಯಲ್ಲಿ ಕೆಲಸದ ವೀಸಾಕ್ಕೆ ನಡತೆ ಪ್ರಮಾಣಪತ್ರ ಬೇಕೆಂದು ಹೇಳಿತು, ಏಪ್ರಿಲ್‌ನಿಂದ ಭಾರತದವರಿಗೆ ಅದನ್ನು ನಿಲ್ಲಿಸಿತು. ಸೌದಿಯವರು 2022ರ ಆಗಸ್ಟ್‌ನಲ್ಲಿ ಕಡ್ಡಾಯ ಮಾಡಿದರು, ನವೆಂಬರ್‌ನಲ್ಲಿ ಭಾರತೀಯರಿಗೆ ಬೇಡ ಎಂದರು. ಹಾಗಾಗಿ ಅಣ್ಣನಿಗೆ ಬೇಡವಾದದ್ದು ತಮ್ಮನಿಗೆ ಬೇಕಾಗುತ್ತದೆ. ನನಗೆ ಬಂದದ್ದು ಕುವೈತಿನ ಕೆಲಸ. ಅಲ್ಲಿಗೆ ಪಿಸಿಸಿ ಬೇಕು.

ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಹತ್ತು ವರ್ಷ ಮಂಗಳೂರಿನ ವರ್ಕ್‌ಶಾಪ್‌ಗಳಲ್ಲಿ ದುಡಿದವನಿಗೆ ಅದು ದೊಡ್ಡ ಅವಕಾಶ. ತಂಗಿಯ ಮದುವೆಯ ಸಾಲ ಇನ್ನೂ ತೀರಿರಲಿಲ್ಲ. ವೀಸಾದ ಕಾಗದ ಇವತ್ತು ಬರ್ತದೆ, ನಾಳೆ ಬರ್ತದೆ ಅಂತ ಏಳು ತಿಂಗಳು ಹೋಯಿತು. ಸೆಪ್ಟೆಂಬರ್‌ನಲ್ಲಿ ಏಜೆನ್ಸಿಯವರು ಫೋನ್ ಮಾಡಿ, "ವೀಸಾ ರೆಡಿ ಉಂಟು, ಆದ್ರೆ ನಿಮ್ಮ ಪಿಸಿಸಿ ಹಳತಾಗಿದೆ. ನಮಗೆ ಮೂರು ತಿಂಗಳ ಒಳಗಿನದ್ದು ಬೇಕು. ಹದಿನೈದು ದಿವಸದಲ್ಲಿ ರಿನ್ಯೂ ಮಾಡಿ ಕೊಡಿ" ಎಂದರು.

ಆಗ ತಿಳಿಯಿತು, ಪಿಸಿಸಿಗೆ ರಿನ್ಯೂವಲ್ ಎಂಬುದೇ ಇಲ್ಲ. ಎಷ್ಟು ಹಳೆಯದನ್ನು ಒಪ್ಪಬೇಕು ಎಂಬುದನ್ನು ತೀರ್ಮಾನಿಸುವವರು ಅದನ್ನು ತೆಗೆದುಕೊಳ್ಳುವವರು. ಕೆಲವರು ಆರು ತಿಂಗಳು ಎನ್ನುತ್ತಾರೆ, ಕೆಲವರು ಮೂರು. ಅವಧಿ ದಾಟಿದರೆ ಮತ್ತೆ ಹೊಸ ಅರ್ಜಿ, ಮತ್ತೆ 500 ರೂಪಾಯಿ, ಮತ್ತೆ ಪೊಲೀಸ್ ವರದಿ. ಯಾಕೆಂದರೆ ಆ ಕಾಗದ ಹೇಳುವುದು ಕೊಟ್ಟ ದಿನದ ಮಟ್ಟಿಗಿನ ಮಾತನ್ನು ಮಾತ್ರ. ಮರುದಿನ ನಾನು ಏನು ಮಾಡಿದ್ದೇನೆ ಎಂದು ಅದಕ್ಕೆ ಗೊತ್ತಿಲ್ಲ.

ನನ್ನ ವಿಷಯದಲ್ಲಿ ಆ ನಡುವೆ ಒಂದು ಸಂಗತಿ ನಡೆದಿತ್ತು.

ಆಗಸ್ಟ್‌ನ ಒಂದು ಸಂಜೆ, ಜೋರು ಮಳೆ. ಹೈವೇ ಕೆಲಸದಿಂದ ಸರ್ವೀಸ್ ರಸ್ತೆ ಇಕ್ಕಟ್ಟಾಗಿತ್ತು. ಅಂಗಡಿಗೆ ಸಾಮಾನು ಹಾಕಿಕೊಂಡು ಸ್ಕೂಟರ್‌ನಲ್ಲಿ ಬರುತ್ತಿದ್ದೆ. ಮಗ್ರಿಬಿನ ಮೊದಲು ಅಂಗಡಿ ಸೇರುವ ಅವಸರ. ಕೂಲಿ ಕೆಲಸ ಮುಗಿಸಿ ರಸ್ತೆ ದಾಟುತ್ತಿದ್ದ ಹಿರಿಯರೊಬ್ಬರಿಗೆ ತಾಗಿಸಿದೆ. ಅವರ ಮೊಣಕಾಲಿಗೆ ಏಳು ಹೊಲಿಗೆ ಬಿತ್ತು. ಅವರು ನಮ್ಮ ಅಂಗಡಿಯ ಗಿರಾಕಿಯೇ. ಆಸ್ಪತ್ರೆಯಿಂದ ಸ್ಟೇಷನ್‌ಗೆ ಸುದ್ದಿ ಹೋಯಿತು, ಎಫ್‌ಐಆರ್ ಆಯಿತು. ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125(ಎ): ಅಜಾಗರೂಕ ಚಾಲನೆ, ಅದರಿಂದಾದ ಗಾಯ. ಜಾಮೀನು ಸ್ಟೇಷನ್‌ನಲ್ಲೇ ಸಿಕ್ಕಿತು. ಉಪ್ಪ ಎರಡು ದಿನಕ್ಕೊಮ್ಮೆ ಅವರ ಮನೆಗೆ ಹೋಗಿ ಅಕ್ಕಿ, ಮದ್ದಿನ ಹಣ ಕೊಟ್ಟು ಬಂದರು. ನಾನು ಅದನ್ನು ಮುಗಿದ ವಿಷಯ ಎಂದುಕೊಂಡೆ.

ಏಜೆನ್ಸಿಯ ಫೋನ್ ಬಂದ ಮೇಲೆ ಮೊದಲು ನೆನಪಾದದ್ದು ಅದೇ ಎಫ್‌ಐಆರ್. ಪರಿಚಯದವನೊಬ್ಬ ಹೇಳಿದ, "ನೀನು ಎಂತ ತಲೆಬಿಸಿ ಮಾಡುದು ಮಾರಾಯ? ಹಳೆಯ ಪಿಸಿಸಿ ಕ್ಲೀನ್ ಉಂಟಲ್ಲ. ಸ್ಕ್ಯಾನ್ ಮಾಡಿ ತಾರೀಕು ಮಾತ್ರ ಬದಲಿಸಿ ಕೊಡ್ತೇನೆ. ಎರಡು ಸಾವಿರ ಕೊಡು."

ಸುಳ್ಳು ಹೇಳುವುದಿಲ್ಲ, ನಾನು ಆ ರಾತ್ರಿ ಹಣ ಎಣಿಸಿ ಇಟ್ಟಿದ್ದೆ. ಫೆಬ್ರವರಿಯನ್ನು ಸೆಪ್ಟೆಂಬರ್ ಮಾಡಿದರೆ ಯಾರಿಗೆ ನಷ್ಟ ಅಂತ ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡಿದ್ದೆ. ಬೆಳಿಗ್ಗೆ ಅಂಗಡಿ ತೆರೆಯಲು ಹೋದಾಗ ಉಪ್ಪ ಎಂದಿನಂತೆ ಕನ್ನಡಕ ಏರಿಸಿ ಹಾಲಿನ ಪುಡಿಯ ತಾರೀಕು ನೋಡುತ್ತಿದ್ದರು. ಹಿಂದೊಮ್ಮೆ ಲೈನ್ ಸೇಲಿನವನೊಬ್ಬ ತಾರೀಕು ಅಳಿಸಿ ಹೊಸ ಸ್ಟಿಕ್ಕರ್ ಅಂಟಿಸಿದ ಮಾಲನ್ನು ಅರ್ಧ ಬೆಲೆಗೆ ತಂದಿದ್ದ. ಉಪ್ಪ ಅವನ ಹತ್ತಿರ ಜಗಳ ಮಾಡಲಿಲ್ಲ, ಆ ಪೆಟ್ಟಿಗೆಯನ್ನು ಅವನ ಗಾಡಿಗೇ ವಾಪಸ್ ಇಟ್ಟು ಬಂದಿದ್ದರು. ನನಗೆ ಆಗ ಹನ್ನೆರಡು ವರ್ಷ. ಆ ಬೆಳಿಗ್ಗೆ ಅವರ ಮುಂದೆ ನಿಂತು ಕೇಸಿನಿಂದ ಹಿಡಿದು ಆ ಎರಡು ಸಾವಿರದವರೆಗೆ ಎಲ್ಲ ಹೇಳಿಬಿಟ್ಟೆ.

ಅವರು ಕೇಳಿದ್ದು ಒಂದೇ. "ಮೋನೇ, ತಪ್ಪು ನಿನ್ನ ಕಡೆಯಿಂದ ಆದದ್ದಾ, ಅಲ್ಲವಾ?"

"ಸ್ಪೀಡ್ ಇತ್ತು ಉಪ್ಪ" ಎಂದೆ.

"ಹಾಗಾದ್ರೆ ಇದ್ದದ್ದನ್ನು ಇದ್ದ ಹಾಗೆ ಬರೆ. ಅನ್ನ ಕೊಡುವವನು ಅಲ್ಲಾಹು, ಏಜೆನ್ಸಿಯವನಲ್ಲ."

ಸರಿಯಾದ ದಾರಿಯಲ್ಲೇ ಅರ್ಜಿ ಹಾಕಿದೆ. ಅದು ಸಿಕ್ಕಿಹಾಕಿಕೊಂಡಿತು. ಸ್ಟೇಷನ್‌ನಿಂದ ಕೇಸ್ ಇದೆ ಎಂದು ವರದಿ ಹೋಯಿತು. ಹದಿನೈದು ದಿನ ಮುಗಿದು ಕುವೈತಿನ ಕೆಲಸ ಬೇರೆಯವನಿಗೆ ಹೋಯಿತು. ಉಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಗಾಯಗೊಂಡ ಅಣ್ಣ ಒಳ್ಳೆಯವರು. "ನಾನು ಕೇಸ್ ವಾಪಸ್ ತೆಗೀತೇನೆ, ನಿನ್ನ ಹೊಟ್ಟೆಪಾಡು ಹಾಳಾಗುದು ಬೇಡ" ಎಂದರು. ಆದರೆ 281ನ್ನು ಅವರು ರಾಜಿ ಮಾಡಿ ಮುಗಿಸಲು ಬರುವುದಿಲ್ಲ. ವಕೀಲರು ಎರಡು ದಾರಿ ತೋರಿಸಿದರು. ಒಂದು, ರಾಜಿಯ ಆಧಾರದಲ್ಲಿ ಕೇಸ್ ರದ್ದು ಮಾಡಿ ಅಂತ ಎರ್ನಾಕುಳಂನ ಹೈಕೋರ್ಟಿಗೆ ಹೋಗುವುದು, ಅದಕ್ಕೆ ಖರ್ಚಿದೆ. ಇನ್ನೊಂದು, ಕಾಸರಗೋಡಿನ ಕೋರ್ಟಿನಲ್ಲಿ ತಪ್ಪೊಪ್ಪಿ ದಂಡ ಕಟ್ಟುವುದು, ಬೇಗ ಮುಗಿಯುತ್ತದೆ. "ಆದ್ರೆ ನೆನಪಿಡಿ, ದಂಡ ಕಟ್ಟಿದ್ರೂ ಅದು ಶಿಕ್ಷೆಯೇ. ಮುಂದೆ ಯಾವ ಫಾರ್ಮಿನಲ್ಲಿ ಶಿಕ್ಷೆ ಆಗಿದೆಯಾ ಅಂತ ಕೇಳಿದ್ರೂ ಹೌದು ಅಂತಲೇ ಬರೀಬೇಕು" ಎಂದರು. ಈ ಮಾತನ್ನು ನಮ್ಮ ಹುಡುಗರಿಗೆ ಯಾರೂ ಹೇಳುವುದಿಲ್ಲ. ಕೇಸ್ ಬೇಗ ಮುಗಿಯಲಿ ಅಂತ ಗೊತ್ತಿಲ್ಲದೆಯೇ ತಪ್ಪೊಪ್ಪಿ ಬರುತ್ತಾರೆ.

ನಾನು ಗೊತ್ತಿದ್ದೇ ಒಪ್ಪಿಕೊಂಡೆ. 1,500 ರೂಪಾಯಿ ದಂಡ ಕಟ್ಟಿ, ತೀರ್ಪಿನ ದೃಢೀಕೃತ ಪ್ರತಿ ತೆಗೆದುಕೊಂಡು ಬಂದೆ. ಈಗ ಉಪ್ಪಳದಿಂದ ರೈಲಿನಲ್ಲಿ ಹೋಗಿ ಬೈಕಂಪಾಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ.

ನನ್ನಿಂದ ಕಲಿಯುವುದಿದ್ದರೆ ಇಷ್ಟು. ವೀಸಾ ಖಚಿತವಾಗುವ ಮೊದಲೇ ಅವಸರಪಟ್ಟು ಪಿಸಿಸಿ ಮಾಡಿಸಬೇಡಿ. ಎಷ್ಟು ದಿನದ ಒಳಗಿನದ್ದು ಬೇಕೆಂದು ಮೊದಲು ಕೇಳಿ. ಅರ್ಜಿಯಲ್ಲಿ ಯಾವ ದೇಶಕ್ಕೆ ಎಂದು ಬರೆಯಬೇಕು, ಕುವೈತಿನದ್ದನ್ನು ಕತಾರಿಗೆ ಕೊಡಲಾಗುವುದಿಲ್ಲ. ಅದರಲ್ಲಿ ಪಾಸ್‌ಪೋರ್ಟ್ ನಂಬರ್ ಇರುತ್ತದೆ, ಆದ್ದರಿಂದ ಪಾಸ್‌ಪೋರ್ಟ್ ಹೊಸದು ಮಾಡಿಸುವುದಿದ್ದರೆ ಅದನ್ನು ಮೊದಲು ಮುಗಿಸಿ. ನಮ್ಮಲ್ಲಿ ಅರ್ಧ ಜನರ ಪಾಸ್‌ಪೋರ್ಟಿನಲ್ಲಿ ಮಂಗಳೂರಿನ ವಿಳಾಸ, ಮನೆ ಮಂಜೇಶ್ವರದಲ್ಲಿ. ಮಂಗಳೂರು ಬೆಂಗಳೂರಿನ ಪಾಸ್‌ಪೋರ್ಟ್ ಕಚೇರಿಗೆ ಸೇರಿದ್ದು, ಕಾಸರಗೋಡು ಕೋಝಿಕ್ಕೋಡಿಗೆ. ವಿಳಾಸ ಹೊಂದದಿದ್ದರೆ ದಿನಗಳು ಹೆಚ್ಚು ಹಿಡಿಯುತ್ತವೆ. ಕೇರಳ ಪೊಲೀಸರ ಪ್ರಮಾಣಪತ್ರ ವಿದೇಶಕ್ಕೆ ನಡೆಯುವುದಿಲ್ಲ. 2022ರಿಂದ ಅವರು ಕೊಡುವುದು ಊರೊಳಗಿನ ಅಗತ್ಯಕ್ಕೆ. ಹೊರಗಿನ ಕೆಲಸಕ್ಕೆ ಪಾಸ್‌ಪೋರ್ಟ್ ಇಲಾಖೆಯದ್ದೇ ಬೇಕು. 2022ರ ಸೆಪ್ಟೆಂಬರ್ 28ರಿಂದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೂ ಅದಕ್ಕೆ ಅರ್ಜಿ ಹಾಕಬಹುದು. ಅಕ್ಷಯ ಕೇಂದ್ರದಲ್ಲಿ ಫಾರ್ಮ್ ತುಂಬಿಸುವಾಗ ಕೇಸಿನ ಪ್ರಶ್ನೆಗಳಿಗೆ ಅವರು ಕೇಳದೆಯೇ 'ಇಲ್ಲ' ಒತ್ತಿದರೆ ತಡೆಯಿರಿ. ಆ ಉತ್ತರ ನಿಮ್ಮದು, ಅವರದ್ದಲ್ಲ.

ಈಗ ಇನ್ನೊಂದು ಕಡೆಯಿಂದ ಕೆಲಸದ ಮಾತು ಬಂದಿದೆ. ಮುಂದಿನ ಬುಧವಾರ ಪಿಸಿಸಿಯ ಅಪಾಯಿಂಟ್‌ಮೆಂಟ್. ತೀರ್ಪಿನ ಪ್ರತಿಯನ್ನು ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ಸಿಗುತ್ತದೋ ಇಲ್ಲವೋ, ಅವರು ನೋಡಲಿ. ನಿನ್ನೆ ಆ ಅಣ್ಣ ಅಂಗಡಿಗೆ ಬಂದು ಸಕ್ಕರೆ, ಚಾಹುಡಿ ತೆಗೆದುಕೊಂಡು ಹೋಗುವಾಗ ಕೇಳಿದರು, "ಯಾವಾಗ ಹೋಗುದು ನೀನು?"

"ನಿಮ್ಮ ಕಾಲು ಹೇಗಿದೆ ಅಣ್ಣ?" ಎಂದೆ.

"ಮಳೆ ಬಂದ್ರೆ ಸ್ವಲ್ಪ ನೋಯ್ತದೆ ಅಷ್ಟೆ" ಎಂದರು.